ಅಲ್ಪ ವೆಚ್ಚದಲ್ಲಿ ಪೇಟೆಯ ವಿಚಾರಣೆ

(ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು)

ಭೂಮಿಯನ್ನು ಹದಗೊಳಿಸುವುದು, ಒಳ್ಳೆಯ ಬೀಜವನ್ನು ಆರಿಸುವುದು, ಕಾಲಕ್ಕೆ ಸರಿಯಾಗಿ ಎಡೆ ಹೊಡೆಯುವುದು, ರೋಗ ಕೀಟಗಳನ್ನು ತಡೆಯುವುದು, ಈ ವಿಷಯಗಳಲ್ಲಿ ನಮ್ಮ ಒಕ್ಕಲಿಗರು ಬಹುಮಟ್ಟಿಗೆ ತಿಳಿದವರೇ ಆಗಿದ್ದಾರೆ. ಆದರೆ ಬೆಳೆದ ಮಾಲನ್ನು ಕೊಳ್ಳುವವರು ಯಾರು, ಅವರು ಎಂತಹ ಮಾಲನ್ನು ಬಯಸುತ್ತಾರೆ, ಯಾವ ತಿಂಗಳಲ್ಲಿ ಯಾವ ಪೇಟೆಗೆ ಒಯ್ದರೆ ಎಷ್ಟು ಹಣವು ನಿಜವಾಗಿ ಕೈ ಸೇರುತ್ತದೆ ಎಂಬುದನ್ನು ಬಿತ್ತಿಗೆಗೆ ಮೊದಲೇ ವಿಚಾರಿಸುವವರು ವಿರಳ. ಮಾಲು ಕಣಕ್ಕೆ ಬಂದ ಮೇಲೆ ಧಾರಣೆಯನ್ನು ವಿಚಾರಿಸುವುದು ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದಂತೆ. ಆಗ ತಿಳಿದುಬಂದ ಸಂಗತಿಯಿಂದ ವ್ಯಥೆಯಾಗುವುದೇ ಹೊರತು ಪ್ರಯೋಜನವಾಗದು.

ಈ ವಿಚಾರವು ಹೊಸದಲ್ಲ. ಲಾರ್ಡ್ ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯಲ್ಲಿ ೧೯೨೬ರಲ್ಲಿ ನೇಮಕವಾದ ರಾಯಲ್ ಕೃಷಿ ಆಯೋಗವು ೧೯೨೮ರ ತನ್ನ ವರದಿಯಲ್ಲಿ, ನಿಯಂತ್ರಿತ ಪೇಟೆಗಳು ಏರ್ಪಡಬೇಕೆಂದೂ ಪೇಟೆಗಳ ಕ್ರಮಬದ್ಧವಾದ ಶೋಧನೆ ನಡೆಯಬೇಕೆಂದೂ ಸೂಚಿಸಿತು. ಪುಣೆಯ ಗೋಖಲೆ ಸಂಸ್ಥೆಯು ೧೯೩೩ರಲ್ಲಿ ಆ ನಗರದ ಹಣ್ಣಿನ ವ್ಯಾಪಾರದ ಶೋಧನೆಯನ್ನು ಪ್ರಕಟಿಸಿತು. ೧೯೩೫ರಲ್ಲಿ ಭಾರತ ಸರಕಾರವು ಕೃಷಿ ಮಾರಾಟಕ್ಕಾಗಿ ಪ್ರತ್ಯೇಕ ಕಚೇರಿಯನ್ನು ತೆರೆದು, ಒಂದೊಂದು ಮಾಲಿನ ವ್ಯಾಪಾರವನ್ನು ಶೋಧಿಸುವ ಕೆಲಸವನ್ನು ಅದಕ್ಕೆ ವಹಿಸಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಸೀಮೆಗೆ ೧೯೩೯ರ ಮಾರುಕಟ್ಟೆ ಕಾಯಿದೆಯೂ, ಕರ್ನಾಟಕದ ಏಕೀಕರಣವಾದ ಮೇಲೆ ೧೯೬೬ರ ಕಾಯಿದೆಯೂ ಬಂದವು. ಇಂತಹ ದೊಡ್ಡ ಶೋಧನೆಗಳಿಗೆ ಹಣವೂ ಸಿಬ್ಬಂದಿಯೂ ಬೇಕು. ಆದರೆ ಒಂದು ಗ್ರಾಮದ ಹತ್ತು ಮನೆಗಳು ಈ ವರ್ಷ ಉಳ್ಳಾಗಡ್ಡಿಯನ್ನು ಎಷ್ಟು ಎಕರೆ ಹಾಕಬೇಕು, ಎಲ್ಲಿ ಮಾರಬೇಕು ಎಂದು ನಿಶ್ಚಯಿಸುವುದಕ್ಕೆ ಒಂದು ನೋಟುಪುಸ್ತಕ, ಕೆಲವು ದಿನಗಳ ಬಸ್ಸಿನ ಖರ್ಚು ಮತ್ತು ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

೧. ಹೋದ ವರ್ಷದ ಧಾರಣೆಯ ಮೋಸ

ಒಂದು ವರ್ಷ ಉಳ್ಳಾಗಡ್ಡಿಗೆ ಒಳ್ಳೆಯ ಧಾರಣೆ ಬಂದರೆ ಮರುವರ್ಷ ಊರಿಗೆ ಊರೇ ಉಳ್ಳಾಗಡ್ಡಿಯನ್ನು ಹಾಕುವುದು ವಾಡಿಕೆ. ಎಲ್ಲರ ಮಾಲೂ ಒಂದೇ ಕಾಲಕ್ಕೆ ಪೇಟೆಗೆ ಬಂದು ಧಾರಣೆಯು ಬೀಳುತ್ತದೆ. ಅದರಿಂದ ಬೇಸತ್ತವರು ಮೂರನೆಯ ವರ್ಷ ಅದನ್ನು ಬಿಡುತ್ತಾರೆ; ಆಗ ಮಾಲು ಕಡಿಮೆಯಾಗಿ ಧಾರಣೆಯು ಪುನಃ ಏರುತ್ತದೆ. ಬಿತ್ತುವ ನಿಶ್ಚಯವನ್ನು ಇಂದು ಮಾಡಿ, ಮಾಲನ್ನು ನಾಲ್ಕೈದು ತಿಂಗಳ ಮೇಲೆ ಮಾರಬೇಕಾಗಿರುವುದೇ ಈ ಏರಿಳಿತಕ್ಕೆ ಕಾರಣ. ಮುಂಗಾರಿನ ಉಳ್ಳಾಗಡ್ಡಿಯಲ್ಲಿ ನೀರಿನ ಅಂಶ ಹೆಚ್ಚಾದ್ದರಿಂದ ಅದನ್ನು ಬಹುಕಾಲ ಕೂಡಿಡಲಾಗದು. ಕೀಳುವ ಕಾಲಕ್ಕೆ ಮಳೆ ಹಿಡಿದರಂತೂ ಕೇಳಿದ ಧಾರಣೆಗೆ ಕೊಟ್ಟು ಬರಬೇಕಾಗುವುದು. ಸಾಲ ತಂದು ಬೀಜ ಗೊಬ್ಬರ ಹಾಕಿದ ಸಣ್ಣ ಹಿಡುವಳಿದಾರನಿಗೆ ಇಂತಹ ಒಂದು ಸುಗ್ಗಿಯೇ ಎರಡು ವರ್ಷದ ಸಾಲವಾಗಿ ಉಳಿಯುತ್ತದೆ. ಆದುದರಿಂದ ಪೇಟೆಯ ವಿಚಾರಣೆಯನ್ನು ವ್ಯಾಪಾರಿಗಳಿಗೆ ಮಾತ್ರ ಸೇರಿದ ಕೆಲಸವೆಂದು ತಿಳಿಯಬಾರದು. ಇಳಕಲ್ಲಿನ ನೇಕಾರನು ಮಗ್ಗಕ್ಕೆ ಹಾಸು ಏರಿಸುವ ಮುಂಚೆ ಸೀರೆಯ ಒಡಲು ಯಾವ ಬಣ್ಣ, ಸೆರಗು ಯಾವ ಬಗೆ, ಉದ್ದವೆಷ್ಟು ಎಂದು ನಿಶ್ಚಯಿಸಿಕೊಳ್ಳುತ್ತಾನೆ. ಒಡಲ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿದ ಮೇಲೆ ಬದಲಿಸುವುದು ಸುಲಭವಲ್ಲವೆಂದು ಅವನು ಬಲ್ಲನು. ನೆಲಕ್ಕೆ ಬೀಜ ಬಿದ್ದ ಮೇಲೆ ಒಕ್ಕಲಿಗನ ಸ್ಥಿತಿಯೂ ಅದೇ.

೨. ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳುವುದು

ಹಣವು ಕಡಿಮೆಯಿದ್ದಾಗ ಎಲ್ಲವನ್ನೂ ತಿಳಿಯಲು ಹೋಗಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚತಕ್ಕದ್ದು. "ಪೇಟೆ ಹೇಗಿದೆ?" ಎಂಬುದು ಪ್ರಶ್ನೆಯಲ್ಲ, ಅದಕ್ಕೆ ನೂರು ಉತ್ತರಗಳು ಬರುವುವು. "ನಮ್ಮ ಊರಿನ ಬಿಳಿಜೋಳವನ್ನು ರಾಶಿಯಾದ ಕೂಡಲೆ ಮಾರುವುದು ಲಾಭವೋ, ಮೂರು ತಿಂಗಳು ಇಟ್ಟು ಮಾರುವುದು ಲಾಭವೋ?" ಎಂಬುದು ಪ್ರಶ್ನೆ. "ಉಳ್ಳಾಗಡ್ಡಿಯನ್ನು ಆರಿಸಿ ಮೂರು ದರ್ಜೆ ಮಾಡಿದರೆ ಆರಿಸುವ ಕೂಲಿ ಹುಟ್ಟುವುದೋ ಇಲ್ಲವೋ?" ಎಂಬುದು ಪ್ರಶ್ನೆ. ಉತ್ತರವು ಹೀಗೆ ಬಂದರೆ ಒಂದು ಕೆಲಸ, ಹಾಗೆ ಬಂದರೆ ಇನ್ನೊಂದು ಕೆಲಸ, ಎಂದು ಮೊದಲೇ ಬರೆದಿಡಬೇಕು. ಯಾವ ಉತ್ತರ ಬಂದರೂ ನಮ್ಮ ನಡೆಯು ಬದಲಾಗದೆಂದಾದರೆ ಅಂತಹ ವಿಚಾರಣೆಗೆ ಒಂದು ರೂಪಾಯಿಯನ್ನೂ ವೆಚ್ಚಮಾಡಬಾರದು.

೩. ಮನೆಯಲ್ಲಿಯೇ ಇರುವ ದಾಖಲೆ

ಎಲ್ಲಕ್ಕಿಂತ ಅಗ್ಗವಾದ ಮಾಹಿತಿಯು ನಮ್ಮ ಗಂಟಿನಲ್ಲಿಯೇ ಇರುತ್ತದೆ. ಮಾಲು ಮಾರಿದಾಗ ಅಡತಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನು ಅನೇಕರು ಬಿಸಾಡುವುದಿಲ್ಲ. ಆದರೆ ಓದುವುದೂ ಇಲ್ಲ. ಹತ್ತು ಮನೆಗಳವರು ನಾಲ್ಕೈದು ವರ್ಷದ ಪಟ್ಟಿಗಳನ್ನು ಒಂದೆಡೆ ತಂದು ದಿನಾಂಕ, ಪೇಟೆ, ಮಾಲಿನ ದರ್ಜೆ, ತೂಕ, ಧಾರಣೆ, ಕಡಿತಗಳು, ಕೈಗೆ ಬಂದ ಮೊತ್ತ ಎಂಬ ಅಂಕಣಗಳಲ್ಲಿ ಬರೆಯಲಿ. ಯಾವ ತಿಂಗಳಲ್ಲಿ ಧಾರಣೆ ಇಳಿದಿತ್ತು, ಯಾರ ಮಾಲಿಗೆ ಹೆಚ್ಚು ಬಂದಿತು, ಏಕೆ ಬಂದಿತು ಎಂಬುದು ಒಂದೇ ಸಂಜೆಯಲ್ಲಿ ಕಾಣತೊಡಗುವುದು. ಹಮಾಲಿ, ತೂಕದ ಕೂಲಿ, ಬಾಡಿಗೆ ಮುಂತಾದ ಕಡಿತಗಳು ಅಂಗಡಿಯಿಂದ ಅಂಗಡಿಗೆ ಭಿನ್ನವಾಗಿ ಕಂಡರೆ, ಮಾರುವವನಿಂದ ಯಾವುದನ್ನು ಕಾನೂನಿನಂತೆ ವಸೂಲು ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಕೇಳತಕ್ಕದ್ದು. ಈ ಕೆಲಸಕ್ಕೆ ವೆಚ್ಚವೆಂಬುದೇ ಇಲ್ಲ.

೪. ಸರಕಾರದ ಧಾರಣೆಪಟ್ಟಿಯನ್ನು ಓದುವ ಬಗೆ

ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿಯೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿಯೂ ಪೇಟೆಗಳ ಧಾರಣೆಯು ಪ್ರಕಟವಾಗುತ್ತದೆ. ಕೈಯಲ್ಲಿ ಮೊಬೈಲ್ ಇರುವ ಊರಿನ ಯಾವ ಹುಡುಗನಾದರೂ ಅದನ್ನು ತೆಗೆದು ತೋರಿಸಬಲ್ಲನು. ಅದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿಗಳಿರುತ್ತವೆ. ಗರಿಷ್ಠ ಧಾರಣೆಯನ್ನು ನೋಡಿ ಹಿಗ್ಗುವುದು ಸಾಮಾನ್ಯವಾದ ತಪ್ಪು. ಆ ಧಾರಣೆಗೆ ಎರಡು ಚೀಲ ಮಾತ್ರ ಹೋಗಿರಬಹುದು. ಹೆಚ್ಚಿನ ಮಾಲು ಯಾವ ಧಾರಣೆಗೆ ಹೋಯಿತೋ ಅದೇ ಮಾದರಿ ಧಾರಣೆ. ಲೆಕ್ಕಕ್ಕೆ ಅದನ್ನೇ ಹಿಡಿಯಬೇಕು. ಕನಿಷ್ಠ ಗರಿಷ್ಠಗಳ ನಡುವಣ ಅಂತರವು ಬಹಳವಾಗಿದ್ದರೆ ಅಲ್ಲಿ ಗುಣಕ್ಕೆ ತಕ್ಕಂತೆ ಬೆಲೆ ಕಟ್ಟುತ್ತಾರೆಂದು ಊಹಿಸಬಹುದು. ಅಂತಹ ಪೇಟೆಗೆ ಆರಿಸಿದ ಮಾಲನ್ನೇ ಒಯ್ಯಬೇಕು. ಆವಕದ ಅಂಕಿಯನ್ನೂ ಅದರ ಜೊತೆಗೆ ಬರೆದುಕೊಳ್ಳತಕ್ಕದ್ದು. ಆವಕವು ಏರುತ್ತಿದ್ದು ಧಾರಣೆಯೂ ನಿಂತಿದ್ದರೆ ಕೊಳ್ಳುವವರು ಬಲವಾಗಿದ್ದಾರೆಂದು ಅರ್ಥ. ಆವಕವು ಅತ್ಯಲ್ಪವಾಗಿದ್ದಾಗ ಬಂದ ಹೆಚ್ಚಿನ ಧಾರಣೆಯು ನಮ್ಮ ನೂರು ಚೀಲ ಹೋದ ದಿನ ನಿಲ್ಲುವುದೆಂದು ನಂಬಲಾಗದು.

೫. ನಾಲ್ಕು ಊರು, ನಾಲ್ಕು ಬಗೆಯ ಗಿರಾಕಿ

ಪಟ್ಟಿಯು ಧಾರಣೆಯನ್ನು ಹೇಳುವುದೇ ಹೊರತು ಗಿರಾಕಿಯನ್ನು ತೋರಿಸದು. ಅದಕ್ಕಾಗಿ ಪೇಟೆಗೆ ಹೋಗಿ ನೋಡಲೇಬೇಕು. ನಮ್ಮ ಭಾಗದ ನಾಲ್ಕು ಊರುಗಳಲ್ಲಿಯೂ ಕೊಳ್ಳುವವರು ಒಂದೇ ತರದವರಲ್ಲ.

ಇಳಕಲ್ಲು ಮಗ್ಗದ ಊರು, ಕೆಂಪು ಗ್ರಾನೈಟಿನ ಕೆಲಸದ ಊರು. ಅಲ್ಲಿನ ಬಹುಜನರು ದುಡಿದು ಕೊಂಡು ಉಣ್ಣುವವರಾದ್ದರಿಂದ ಜೋಳ, ಬೇಳೆ, ಕಾಯಿಪಲ್ಲೆಗಳಿಗೆ ವರ್ಷವಿಡೀ ಗಿರಾಕಿಯಿರುತ್ತದೆ. ಆದರೆ ಅವರು ಸ್ವಲ್ಪ ಸ್ವಲ್ಪವಾಗಿ ಕೊಳ್ಳುವರು. ಬಾಗಲಕೋಟೆಯ ನವನಗರದಲ್ಲಿ ಕಚೇರಿ, ಕಾಲೇಜುಗಳ ಸಂಬಳದವರು ಹೆಚ್ಚು. ಅವರ ಖರೀದಿಯನ್ನು ತಿಂಗಳ ಮೊದಲ ವಾರದಲ್ಲಿಯೂ ಕೊನೆಯ ವಾರದಲ್ಲಿಯೂ ನೋಡಿ ಹೋಲಿಸಬೇಕು. ಬಾದಾಮಿಗೆ ಗುಹೆಗಳನ್ನು ನೋಡುವ ಪ್ರವಾಸಿಕರೂ ಬನಶಂಕರಿಯ ಭಕ್ತರೂ ಬರುವರು. ಆದುದರಿಂದ ಅಲ್ಲಿನ ಖಾನಾವಳಿಗಳ ಬೇಡಿಕೆಯು ಋತುವನ್ನು ಅನುಸರಿಸುತ್ತದೆ. ಹುನಗುಂದದ ಸುತ್ತಲಿನ ಎರೆ ಭೂಮಿಯವರು ತಾವೇ ಜೋಳ ಕಡಲೆಗಳನ್ನು ಬೆಳೆಯುವವರಾದ್ದರಿಂದ ಅಲ್ಲಿ ಉಣ್ಣುವವನಿಗಿಂತ ಹೊರಗೆ ಕಳಿಸುವ ವ್ಯಾಪಾರಿಯೇ ಮುಖ್ಯ ಗಿರಾಕಿ. ಸಾಗಣೆಯೂ ಒಂದೇ ಅಲ್ಲ. ಬಾಗಲಕೋಟೆ ಬಾದಾಮಿಗಳು ಗದಗ ಹೋಟಗಿ ರೈಲುದಾರಿಯಲ್ಲಿವೆ. ಹುನಗುಂದ ಇಳಕಲ್ಲುಗಳಿಗೆ ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯೇ ಆಧಾರ. ಒಂದು ಊರಿನಲ್ಲಿ ಕಂಡುದನ್ನು ಇನ್ನೊಂದಕ್ಕೆ ಅನ್ವಯಿಸುವುದು ಮಸಾರಿಯ ಬೇಸಾಯವನ್ನು ಎರೆಯಲ್ಲಿ ಮಾಡಿದಂತಾಗುವುದು.

ಪುಷ್ಯದ ಹುಣ್ಣಿಮೆಗೆ ನೆರೆಯುವ ಬನಶಂಕರಿ ಜಾತ್ರೆಯು ಇಂತಹ ವಿಚಾರಣೆಗೆ ಒಳ್ಳೆಯ ಅವಕಾಶ. ಅನೇಕ ತಾಲೂಕಿನ ಜನರು ಒಂದೆಡೆ ದೊರೆಯುವುದರಿಂದ ಬಸ್ಸಿನ ಖರ್ಚು ಉಳಿಯುತ್ತದೆ. ಆದರೆ ಜಾತ್ರೆಯ ಧಾರಣೆಯು ಜಾತ್ರೆಯದೇ. ಅಲ್ಲಿ ಜನರ ಅಭಿರುಚಿಯನ್ನು ತಿಳಿದುಕೊಳ್ಳಬೇಕೇ ಹೊರತು ವರ್ಷದ ಧಾರಣೆಯನ್ನಲ್ಲ.

ಸಂತೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಬೇಕು. ಬೆಳಿಗ್ಗೆ ಹೇಳಿದ ಬೆಲೆಗೂ ಸಂಜೆ ಕೊಟ್ಟ ಬೆಲೆಗೂ ಇರುವ ಅಂತರವೇ ಉಳಿದ ಮಾಲಿನ ಕಥೆಯನ್ನು ಹೇಳುತ್ತದೆ. ಹೇಳಿದ ಬೆಲೆ, ಕುದುರಿದ ಬೆಲೆ ಎಂದು ಎರಡು ಅಂಕಣ ಮಾಡಿ ಬರೆಯಬೇಕು. ೧೯೫೬ರಲ್ಲಿಯೇ ಮೆಟ್ರಿಕ್ ತೂಕದ ಕಾಯಿದೆ ಬಂದಿದ್ದರೂ ಕಾಳುಗಳನ್ನು ಸೇರಿನಿಂದ ಅಳೆಯುವುದು ಕಂಡುಬಂದರೆ, ಆ ಸೇರಿನ ಕಾಳನ್ನು ಒಮ್ಮೆ ತೂಗಿ ಕಿಲೋಗ್ರಾಮಿಗೆ ತಿರುಗಿಸಿಕೊಳ್ಳದೆ ಬೆಲೆಗಳನ್ನು ಹೋಲಿಸಬಾರದು.

೬. ಎಷ್ಟು ಜನರನ್ನು ಕೇಳಬೇಕು?

ಅನ್ನ ಬೆಂದಿತೋ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕೆಂಬ ಮಾತು ನಿಜ. ಆದರೆ ಅದು ಒಂದೇ ಒಲೆಯ ಮೇಲೆ ಒಂದೇ ಪಾತ್ರೆಯಲ್ಲಿ ಬೆಂದ ಅಕ್ಕಿಗೆ ಸಲ್ಲುವ ಮಾತು. ಊರಿನ ಜನರು ಹಾಗಿಲ್ಲ. ೧೯೩೭ರಿಂದ ಪ್ರೊಫೆಸರ್ ಮಹಲನೋಬಿಸರು ಬಂಗಾಲದಲ್ಲಿ ಸೆಣಬಿನ ಬೆಳೆಯನ್ನು ಅಂದಾಜು ಮಾಡುವಾಗ ಎಲ್ಲ ಹೊಲಗಳನ್ನೂ ಎಣಿಸದೆ, ಚೀಟಿ ಎತ್ತಿದಂತೆ ಆರಿಸಿದ ತುಣುಕು ಭೂಮಿಗಳನ್ನು ಮಾತ್ರ ನೋಡಿ, ಪೂರ್ಣ ಎಣಿಕೆಗಿಂತ ಬಹಳ ಕಡಿಮೆ ವೆಚ್ಚದಲ್ಲಿ ನಂಬತಕ್ಕ ಲೆಕ್ಕವನ್ನು ಪಡೆದರು. ಅವರ ಯುಕ್ತಿಯು ಸಂಖ್ಯೆಯಲ್ಲಿರಲಿಲ್ಲ, ಆರಿಸುವ ನಿಷ್ಪಕ್ಷಪಾತದಲ್ಲಿತ್ತು. ಪರಿಚಯದವರನ್ನೇ ಮೂವತ್ತು ಮಂದಿ ಕೇಳುವುದಕ್ಕಿಂತ, ಓಣಿಯ ಪ್ರತಿ ಐದನೆಯ ಮನೆಯಂತೆ ಹತ್ತು ಮನೆಗಳನ್ನು ಕೇಳುವುದು ಮೇಲು. ಮೊದಲು ಗಿರಾಕಿಗಳನ್ನು ಮನೆಯವರು, ಖಾನಾವಳಿಯವರು, ಚಿಲ್ಲರೆ ಅಂಗಡಿಯವರು, ಅಡತಿಯವರು ಎಂದು ವಿಂಗಡಿಸಿ ಪ್ರತಿಯೊಂದು ಬಗೆಯಿಂದಲೂ ಕೆಲವರನ್ನು ಆರಿಸತಕ್ಕದ್ದು. ಹೊಸ ಸಂಗತಿ ಬರುವುದು ನಿಂತು ಹಿಂದಿನ ಉತ್ತರಗಳೇ ಮರಳಿ ಬರತೊಡಗಿದಾಗ ನಿಲ್ಲಿಸಬಹುದು. ಇಷ್ಟರಿಂದ ಜನರು ಏನನ್ನು, ಏಕೆ ಬಯಸುತ್ತಾರೆಂಬುದು ತಿಳಿಯುವುದು. ಊರಿಡೀ ಎಷ್ಟು ಕ್ವಿಂಟಲ್ ಖರ್ಚಾಗುವುದೆಂಬ ಲೆಕ್ಕಕ್ಕೆ ಇಷ್ಟು ಸಾಲದು.

೭. ಕೇಳುವ ರೀತಿ

"ನಮ್ಮ ಜೋಳವನ್ನು ತಂದರೆ ಕೊಳ್ಳುತ್ತೀರಾ?" ಎಂದು ಕೇಳಿದರೆ ನಮ್ಮ ಜನರು ಸಂಕೋಚದಿಂದ "ಆಗಲಿ, ತರ್ರಿ" ಎನ್ನುವರು. ಆ ಮಾತನ್ನು ನಂಬಿ ಗಾಡಿ ತುಂಬಿದವನು ಮೋಸಹೋಗುವನು. ಮುಂದೆ ಮಾಡುವುದನ್ನು ಕೇಳದೆ ಹಿಂದೆ ಮಾಡಿದುದನ್ನು ಕೇಳಬೇಕು: "ಹೋದ ಸಂತೆಯಲ್ಲಿ ಎಷ್ಟು ಜೋಳ ಕೊಂಡಿರಿ? ಯಾರ ಕಡೆ? ಎಷ್ಟು ಕೊಟ್ಟಿರಿ? ನೋಡಿ ಬಿಟ್ಟ ಜೋಳ ಯಾವುದು, ಏಕೆ ಬಿಟ್ಟಿರಿ?" ಈ ಕೊನೆಯ ಪ್ರಶ್ನೆಯಿಂದ ಬಹಳ ತಿಳಿಯುವುದು. ಮಾಲದಂಡಿ ಎಂದು ಹೆಸರಾದ ಎಂ ೩೫-೧ ಹಿಂಗಾರಿ ಜೋಳವು ೧೯೩೦ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಲ್ಪಟ್ಟದ್ದು. ೧೯೬೪ರಿಂದ ಹೆಚ್ಚು ಇಳುವರಿಯ ಮಿಶ್ರತಳಿಗಳು ಒಂದಾದ ಮೇಲೊಂದು ಬಂದರೂ ಹಿಂಗಾರಿನಲ್ಲಿ ಅದರ ಸ್ಥಾನವು ಸುಲಭವಾಗಿ ಕದಲಲಿಲ್ಲ. ಮುತ್ತಿನಂತಹ ಕಾಳು, ಚೆನ್ನಾಗಿ ಬಡಿಯಲು ಬರುವ ರೊಟ್ಟಿ, ದನ ತಿನ್ನುವ ಕಣಿಕೆ, ಇವನ್ನು ಕೊಳ್ಳುವವರೂ ಬೆಳೆಯುವವರೂ ಬಿಟ್ಟುಕೊಡಲಿಲ್ಲ. ಚೀಲದ ಲೆಕ್ಕವನ್ನಷ್ಟೇ ನೋಡಿದವರಿಗೆ ಈ ಸಂಗತಿಯು ತಿಳಿಯದು. ರೊಟ್ಟಿ ಬಡಿಯುವ ತಾಯಂದಿರನ್ನು ಕೇಳಿದರೆ ಒಂದೇ ಮಾತಿನಲ್ಲಿ ತಿಳಿಯುವುದು.

ಆದುದರಿಂದ ಗೌಡರು ಕಟ್ಟೆಯ ಮೇಲೆ ಕುಳಿತು ಗಂಡಸರನ್ನು ಮಾತ್ರ ಕೇಳಿದರೆ ಅರ್ಧ ಉತ್ತರವೇ ದೊರೆಯುವುದು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮನೆಯೊಳಗೆ ಹೋಗಿ ಕೇಳುವುದು ಉತ್ತಮ. ಹಿರಿಯರೇ ಕೇಳಿದಾಗ ಜನರು ಅವರಿಗೆ ಹಿತವಾಗುವ ಉತ್ತರವನ್ನು ಕೊಡುವುದುಂಟು. ಕರವೋ ಸಾಲವೋ ಬಂದೀತೆಂದು ಅಂಜಿ ಮರೆಮಾಚುವುದೂ ಉಂಟು. ಉದ್ದೇಶವನ್ನು ಮೊದಲೇ ತಿಳಿಸಿ, ಉತ್ತರ ಕೊಟ್ಟವರ ಹೆಸರನ್ನು ಬರೆಯದೆ ಇರುವುದರಿಂದ ನಿಜವು ಹೊರಬರುತ್ತದೆ.

೮. ಕೈಗೆ ಬರುವ ಧಾರಣೆಯ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಬಗೆಯನ್ನು ತೋರಿಸಲು ಕಲ್ಪಿಸಿದವುಗಳು. ಹತ್ತಿರದ ಪೇಟೆಯಲ್ಲಿ ಉಳ್ಳಾಗಡ್ಡಿಗೆ ಕ್ವಿಂಟಲಿಗೆ ೧,೫೦೦ ರೂಪಾಯಿ, ದೂರದ ಪೇಟೆಯಲ್ಲಿ ೧,೮೦೦ ರೂಪಾಯಿ ಇದೆಯೆನ್ನೋಣ. ಹತ್ತಿರಕ್ಕೆ ಒಯ್ದರೆ ಒಣಗಿ, ಕೊಳೆತು ೨ ಕಿಲೋ ಕಡಿಮೆಯಾಗಿ ೯೮ ಕಿಲೋಗೆ ೧,೪೭೦ ರೂಪಾಯಿ ಬರುವುದು. ಬಾಡಿಗೆ ೪೦, ಹಮಾಲಿ ಮುಂತಾದ್ದು ೨೦ ಕಳೆದರೆ ಉಳಿಯುವುದು ೧,೪೧೦. ದೂರಕ್ಕೆ ಒಯ್ದರೆ ೬ ಕಿಲೋ ಕಡಿಮೆಯಾಗಿ ೯೪ ಕಿಲೋಗೆ ೧,೬೯೨ ರೂಪಾಯಿ. ಬಾಡಿಗೆ ೨೨೦, ಇತರ ವೆಚ್ಚ ೪೦ ಕಳೆದರೆ ೧,೪೩೨. ಜೊತೆಗೆ ಹೋದ ಇಬ್ಬರ ಊಟ ಪ್ರಯಾಣಕ್ಕೆ ೯೦೦ ರೂಪಾಯಿ ಆಗಿದ್ದು ಮಾಲು ೫೦ ಕ್ವಿಂಟಲ್ ಇದ್ದರೆ, ಕ್ವಿಂಟಲಿಗೆ ಇನ್ನೂ ೧೮ ರೂಪಾಯಿ ಹೋಗಿ ೧,೪೧೪ ಉಳಿಯಿತು. ಕಿವಿಗೆ ೩೦೦ ರೂಪಾಯಿಯಾಗಿ ಕೇಳಿದ ಲಾಭವು ಕೈಗೆ ಬರುವಾಗ ೪ ರೂಪಾಯಿಯಾಯಿತು. ಹಣವು ಹದಿನೈದು ದಿನ ತಡವಾಗಿ ಬಂದರೆ ಅದೂ ಇಲ್ಲ.

ಅದೇ ಮಾಲನ್ನು ನಾಲ್ಕು ಮನೆಯವರು ಕೂಡಿ ೨೦೦ ಕ್ವಿಂಟಲ್ ಒಟ್ಟಿಗೆ ಒಯ್ದು, ತುಂಬಿದ ಲಾರಿಯಾದ್ದರಿಂದ ಬಾಡಿಗೆಯು ೧೬೦ಕ್ಕೆ ಇಳಿಯಿತೆನ್ನೋಣ. ಆಗ ಇಬ್ಬರ ಪ್ರಯಾಣದ ಪಾಲು ನಾಲ್ಕೂವರೆ ರೂಪಾಯಿ ಮಾತ್ರ. ಉಳಿಯುವುದು ೧,೪೮೭ ರೂಪಾಯಿ ೫೦ ಪೈಸೆ. ಹತ್ತಿರದ ಪೇಟೆಗಿಂತ ಕ್ವಿಂಟಲಿಗೆ ೭೭ ರೂಪಾಯಿ ೫೦ ಪೈಸೆ ಹೆಚ್ಚು, ಒಟ್ಟಿನಲ್ಲಿ ೧೫,೫೦೦ ರೂಪಾಯಿ ಹೆಚ್ಚು. ಪೇಟೆಯೂ ಅದೇ, ಧಾರಣೆಯೂ ಅದೇ. ಕೂಡಿ ಒಯ್ದುದೊಂದೇ ವ್ಯತ್ಯಾಸ. ತಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡತಕ್ಕದ್ದು.

ಸಂಶಯವುಳಿದರೆ ಸಣ್ಣ ಪರೀಕ್ಷೆ ಮಾಡಬೇಕು. ಒಂದೇ ಹೊಲದ ಇಪ್ಪತ್ತು ಚೀಲಗಳಲ್ಲಿ ಹತ್ತನ್ನು ಆರಿಸಿ ದರ್ಜೆ ಮಾಡಿ, ಹತ್ತನ್ನು ಹಾಗೆಯೇ ಬಿಟ್ಟು, ಒಂದೇ ದಿನ ಒಂದೇ ಪೇಟೆಯಲ್ಲಿ ಮಾರಲಿ. ಆರಿಸಿ ತೆಗೆದ ಸಣ್ಣ ಗಡ್ಡೆಗಳು ಎಷ್ಟಕ್ಕೆ ಹೋದವೆಂಬುದನ್ನೂ ಆರಿಸಿದ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಉತ್ತರವು ದೊರೆಯುವುದು. ಹತ್ತು ಜನರ ಅಭಿಪ್ರಾಯಕ್ಕಿಂತ ಒಂದು ನಿಜವಾದ ಮಾರಾಟದ ಪಟ್ಟಿಯು ಹೆಚ್ಚು ನಂಬತಕ್ಕದ್ದು.

೯. ವಿಚಾರಣೆಗೆ ಸಿಗದ ಸಂಗತಿಗಳು

ಎಷ್ಟು ವಿಚಾರಿಸಿದರೂ ಮಳೆಯನ್ನೂ ಸರಕಾರದ ಮುಂದಿನ ಆಜ್ಞೆಯನ್ನೂ ಅರಿಯಲಾಗದು. ಉಳ್ಳಾಗಡ್ಡಿಯ ರಫ್ತನ್ನು ಕೇಂದ್ರ ಸರಕಾರವು ೨೦೧೯ರ ಸೆಪ್ಟೆಂಬರಿನಲ್ಲಿಯೂ ೨೦೨೦ರ ಸೆಪ್ಟೆಂಬರಿನಲ್ಲಿಯೂ ನಿಷೇಧಿಸಿತು. ೨೦೨೩ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ ೪೦ರ ಸುಂಕ ಹಾಕಿ, ಡಿಸೆಂಬರಿನಲ್ಲಿ ನಿಷೇಧವನ್ನೇ ಮಾಡಿತು; ಅದು ತೆರವಾದುದು ೨೦೨೪ರ ಮೇ ತಿಂಗಳಲ್ಲಿ. ಪೇಟೆಯಲ್ಲಿ ಧಾರಣೆಯು ವಿಪರೀತ ಏರಿದಾಗ ಇಂತಹ ಆಜ್ಞೆ ಬರಬಹುದೆಂಬುದನ್ನು ಈ ಅನುಭವದಿಂದ ಕಲಿಯಬೇಕು. ಮಾಲನ್ನೆಲ್ಲ ಕೊನೆಯ ಏರಿಕೆಗಾಗಿ ಹಿಡಿದಿಡದೆ ಎರಡು ಮೂರು ಕಂತುಗಳಲ್ಲಿ ಮಾರುವುದು ಕ್ಷೇಮ. ದಾಳಿಂಬೆಯಂತಹ ತೋಟದ ಬೆಳೆಯಲ್ಲಿ ಈ ಎಚ್ಚರವು ಇನ್ನೂ ಹೆಚ್ಚು ಬೇಕು. ಗಿಡ ನೆಟ್ಟು ಫಲ ಕೈಗೆ ಬರಲು ವರ್ಷಗಳೇ ಬೇಕಾಗುವುದರಿಂದ ಇಂದಿನ ಧಾರಣೆಯು ಅಂದು ಇರದು. ದುಂಡಾಣು ಅಂಗಮಾರಿ ರೋಗವು ಈ ಜಿಲ್ಲೆಯ ದಾಳಿಂಬೆ ತೋಟಗಳಿಗೆ ಮಾಡಿದ ಹಾನಿಯನ್ನು ಯಾರೂ ಮರೆತಿಲ್ಲ. ಇಂತಹ ಬೆಳೆಗೆ ಕೈಹಾಕುವ ಮುನ್ನ ೨೦೦೮ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಶ್ವವಿದ್ಯಾಲಯದ ತಜ್ಞರನ್ನು ಕಾಣುವುದು ಯೋಗ್ಯ.

೧೦. ಮುಖಂಡರ ಕರ್ತವ್ಯ

ದೊಡ್ಡ ಜಮೀನುದಾರರಿಗೆ ಪೇಟೆಯ ಸುದ್ದಿಯು ಹೇಗಾದರೂ ಮುಟ್ಟುತ್ತದೆ. ನಾಲ್ಕು ಎಕರೆಯವನಿಗೆ ಅದು ಮುಟ್ಟುವಾಗ ಮಾಲು ಹೋಗಿರುತ್ತದೆ. ಧಾರಣೆಯನ್ನರಿಯದವನು ಅಂಗಡಿಯ ಮುಂದೆ ಮಾರುವವನಾಗಿ ನಿಲ್ಲದೆ ಬೇಡುವವನಾಗಿ ನಿಲ್ಲುತ್ತಾನೆ. ಆದುದರಿಂದ ವಿಚಾರಣೆಯಿಂದ ತಿಳಿದುದನ್ನು ಮುಚ್ಚಿಡದೆ ಪಂಚಾಯಿತಿಯ ಫಲಕದ ಮೇಲೆ ವಾರಕ್ಕೊಮ್ಮೆ ಬರೆಯಿಸುವುದು ಮುಖಂಡರ ಕರ್ತವ್ಯವಾಗಿದೆ. ಇದರಲ್ಲಿ ಅವರ ಸ್ವಂತ ಹಿತವೂ ಇದೆ. ನೆರೆಯವನು ಅರಿಯದೆ ಅಗ್ಗವಾಗಿ ಮಾರಿದ ಮಾಲೇ ಮರುದಿನ ನಮ್ಮ ಮಾಲಿನ ಧಾರಣೆಯನ್ನು ಇಳಿಸುತ್ತದೆ; ಲಾರಿ ತುಂಬಬೇಕಾದರೂ ಅವನ ಚೀಲಗಳೇ ಬೇಕು.

ಮುಂಗಾರಿನ ಬಿತ್ತಿಗೆಗೆ ಎರಡು ತಿಂಗಳ ಮೊದಲೇ ಈ ಕೆಲಸವನ್ನು ಪ್ರಾರಂಭಿಸುವುದು ಒಳ್ಳೆಯದು. ಮೊದಲ ವಾರದಲ್ಲಿ ಪ್ರಶ್ನೆಯ ನಿಶ್ಚಯ ಮತ್ತು ಹಳೆಯ ಪಟ್ಟಿಗಳ ಸಂಗ್ರಹ, ಮುಂದಿನ ನಾಲ್ಕು ವಾರಗಳಲ್ಲಿ ಪೇಟೆಗಳ ಭೇಟಿ, ಆರನೆಯ ವಾರದಲ್ಲಿ ಲೆಕ್ಕ, ಏಳನೆಯ ವಾರದಲ್ಲಿ ಊರ ಸಭೆ, ಹೀಗೆ ಕ್ರಮವಿಟ್ಟುಕೊಂಡರೆ ಬೀಜ ಕೊಳ್ಳುವ ಹೊತ್ತಿಗೆ ನಿಶ್ಚಯವು ಸಿದ್ಧವಾಗಿರುವುದು. ಲೆಕ್ಕದ ಪುಸ್ತಕವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಅಲ್ಲಿನ ಅಧಿಕಾರಿಗಳ ಸಲಹೆಯನ್ನು ಪಡೆಯಬಹುದು. ಆ ಪುಸ್ತಕವನ್ನು ಜೋಪಾನವಾಗಿಟ್ಟರೆ ಮುಂದಿನ ವರ್ಷದ ವಿಚಾರಣೆಯ ವೆಚ್ಚವು ಅರ್ಧಕ್ಕೆ ಇಳಿಯುವುದು. ಐದು ವರ್ಷಗಳ ಪುಸ್ತಕಗಳು ಕೂಡಿದಾಗ, ತನ್ನ ಪೇಟೆಯನ್ನು ತಾನೇ ಬಲ್ಲ ಊರೆನಿಸಿಕೊಳ್ಳುವುದಕ್ಕೆ ಬೇರೆ ಸಾಧನ ಬೇಕಾಗದು.